ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಾದರೆ ಏನು ಮಾಡಬೇಕು?

ಬಾಯಿ ಮುಚ್ಚಿಕೊಂಡು ‘ಹ್ಮ್‌ಮ್...’ ಅಂತ ಒಮ್ಮೆ ಉದ್ದಕ್ಕೆ ಗುನುಗಿ ನೋಡಿ. ಎರಡೂ ಕಿವಿ ಚೆನ್ನಾಗಿದ್ದರೆ ಸದ್ದು ತಲೆಯ ನಡುವೆ ಕೇಳಿಸುತ್ತದೆ. ಈಗ ಒಂದು ಕಿವಿಯ ತೂತನ್ನು ಬೆರಳಿನಿಂದ ಮುಚ್ಚಿ ಮತ್ತೆ ಗುನುಗಿ. ಸದ್ದು ಆ ಮುಚ್ಚಿದ ಕಿವಿಗೇ ಓಡಿಹೋಗುತ್ತದೆ, ಅಲ್ವಾ? ಗುಗ್ಗೆ ತುಂಬಿಯೋ, ಶೀತದಿಂದ ಒಳಗೆ ನೀರು ಸೇರಿಯೋ ಕಿವಿ ಕಟ್ಟಿದಾಗಲೂ ಹೀಗೇ ಆಗುತ್ತದೆ. ನಿಮ್ಮ ಗುನುಗು ತೊಂದರೆ ಇರುವ ಕಿವಿಯಲ್ಲೇ ಜೋರಾಗಿ ಕೇಳಿಸುತ್ತದೆ. ಆದರೆ ಒಳಗಿವಿಯೋ ಅದರ ನರವೋ ಕೈಕೊಟ್ಟಿದ್ದರೆ ಉಲ್ಟಾ. ಗುನುಗು ಒಳ್ಳೆಯ ಕಿವಿಗೆ ಹೋಗುತ್ತದೆ.

ಅರ್ಧ ನಿಮಿಷದ ಈ ಪರೀಕ್ಷೆ ಗೊತ್ತಿದ್ದಿದ್ದರೆ ನನಗೆ ಒಂಬತ್ತು ದಿನ ಉಳಿಯುತ್ತಿತ್ತು.

ನಾನು ಹೈಸ್ಕೂಲು ಮೇಷ್ಟ್ರು. ಒಂದು ಸೋಮವಾರ ಬೆಳಗ್ಗೆ ಅಮ್ಮನಿಗೆ ಫೋನ್ ಮಾಡಿ ಎಂದಿನಂತೆ ಎಡಗಿವಿಗೆ ಇಟ್ಟುಕೊಂಡೆ. ರಿಂಗೇ ಇಲ್ಲ. ನೆಟ್‌ವರ್ಕ್ ಹೋಗಿದೆ ಅಂದುಕೊಂಡು ಕಟ್ ಮಾಡಿದೆ. ಎರಡನೇ ಸಲ ಬಲಗಿವಿಗೆ ಇಟ್ಟಾಗ ಅಮ್ಮ ಆಗಲೇ ಕೂಗುತ್ತಿದ್ದರು: “ಯಾಕೋ, ಫೋನ್ ಮಾಡಿ ಸುಮ್ನೆ ಇಟ್ಬಿಟ್ಟೆ?” ನೋವಿಲ್ಲ, ಸೋರುವುದಿಲ್ಲ, ಜ್ವರ ಇಲ್ಲ. ಎಡಗಿವಿಗೆ ಹತ್ತಿ ತುರುಕಿದಂತೆ ಬಿಗಿ, ಒಳಗೆಲ್ಲೋ ಗುಂಯ್ ಅನ್ನುವ ಸದ್ದು. ಅಷ್ಟೇ. ಹತ್ತಿರದ ಕ್ಲಿನಿಕ್ಕಿಗೆ ಹೋಗಿ “ಕಿವಿ ಕಟ್ಟಿಕೊಂಡಿದೆ” ಅಂದೆ. ಶೀತಕ್ಕೆ ಮಾತ್ರೆ, ಮೂಗಿಗೆ ಡ್ರಾಪ್ಸ್ ಕೊಟ್ಟು ವಾರ ಬಿಟ್ಟು ಬನ್ನಿ ಅಂದರು. ಆ ವಾರ ಹಾಗೇ ಕಳೆಯಿತು.

ಅವರದೊಬ್ಬರದೇ ತಪ್ಪು ಅನ್ನಲಾರೆ. ನನ್ನ ಮಾತೇ ಅವರನ್ನು ದಾರಿ ತಪ್ಪಿಸಿತ್ತು. ‘ಕಿವಿ ಕಟ್ಟಿಕೊಂಡಿದೆ’ ಅಂದರೆ ನಮ್ಮಲ್ಲಿ ಎಲ್ಲರ ತಲೆಗೂ ಮೊದಲು ಬರುವುದು ಶೀತ, ಗುಗ್ಗೆ. ಆದ್ದರಿಂದ ಈ ಲೇಖನದಲ್ಲಿ ಬೇರೇನೂ ನೆನಪಿಡದಿದ್ದರೂ ಪರವಾಗಿಲ್ಲ, ಡಾಕ್ಟರ ಮುಂದೆ ಆ ಮಾತು ಮಾತ್ರ ಬೇಡ. “ದಿಢೀರಂತ ಒಂದು ಕಿವಿ ಕೇಳಿಸ್ತಿಲ್ಲ” ಅನ್ನಿ.

ಇದು ಏನು?

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಒಂದು ಪುಟ್ಟ ಅಂಗ ಇದೆ. ಹೆಸರು ಕಾಕ್ಲಿಯಾ. ಅದರೊಳಗಿನ, ಕೂದಲಿನಂಥ ಎಳೆಗಳಿರುವ ಜೀವಕಣಗಳು ಸದ್ದಿನ ಅಲುಗಾಟವನ್ನು ನರಕ್ಕೆ ದಾಟಿಸುತ್ತವೆ. ಈ ಕಣಗಳೋ ನರವೋ ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಿದರೆ ಅದಕ್ಕೆ ‘ಸಡನ್ ಸೆನ್ಸರಿನ್ಯೂರಲ್ ಹಿಯರಿಂಗ್ ಲಾಸ್’ ಅನ್ನುತ್ತಾರೆ. ವೈದ್ಯರ ಅಳತೆ ಹೀಗಿದೆ: 72 ಗಂಟೆಯೊಳಗೆ, ಅಕ್ಕಪಕ್ಕದ ಮೂರು ಸ್ವರಮಟ್ಟಗಳಲ್ಲಿ, 30 ಡೆಸಿಬೆಲ್ ಅಥವಾ ಅದಕ್ಕಿಂತ ಜಾಸ್ತಿ ಕೇಳುವಿಕೆ ಕಡಿಮೆಯಾಗಬೇಕು. 30 ಡೆಸಿಬೆಲ್ ಹೋದರೆ ಪಿಸುಮಾತು ಹೋಯಿತು ಅಂತ ಲೆಕ್ಕ. ಅನೇಕರಿಗೆ ಅದಕ್ಕಿಂತ ತುಂಬಾ ಜಾಸ್ತಿಯೇ ಹೋಗುತ್ತದೆ.

ಇದು ಬರುವುದು ಹೆಚ್ಚಾಗಿ ಒಂದೇ ಕಿವಿಗೆ. ಅಮೆರಿಕದ ಲೆಕ್ಕದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ 5ರಿಂದ 27 ಮಂದಿಗೆ ಬರುತ್ತದೆ. ಯಾಕೆ ಬಂತು ಅನ್ನುವುದು ಹತ್ತರಲ್ಲಿ ಒಂಬತ್ತು ಮಂದಿಗೆ ಗೊತ್ತಾಗುವುದೇ ಇಲ್ಲ. ವೈರಸ್, ಒಳಗಿವಿಯ ಸಣ್ಣ ರಕ್ತನಾಳದಲ್ಲಿ ತಡೆ, ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೇಲೇ ತಿರುಗಿಬೀಳುವುದು, ಇವೆಲ್ಲ ಅನುಮಾನದ ಪಟ್ಟಿಯಲ್ಲಿವೆ. ಗಾಯಕಿ ಅಲ್ಕಾ ಯಾಗ್ನಿಕ್ 2024ರ ಜೂನ್‌ನಲ್ಲಿ ತಮ್ಮ ಕೇಳುವಿಕೆ ಹೋದ ಸುದ್ದಿಯನ್ನು ತಾವೇ ಹೇಳಿಕೊಂಡರು. ವಿಮಾನದಿಂದ ಇಳಿದು ಬರುವಾಗ ಏನೂ ಕೇಳಿಸದಾಯಿತು, ವೈರಸ್ ದಾಳಿಯಿಂದ ನರಕ್ಕೆ ಏಟಾಗಿದೆ ಅಂತ ಡಾಕ್ಟರು ಹೇಳಿದ್ದಾರೆ ಅಂದಿದ್ದರು. ಆಮೇಲೆ ಈ ವಿಷಯ ನಾಲ್ಕು ಜನರ ಬಾಯಲ್ಲಿ ಬಂತು. ನನಗಾದಾಗ ಸ್ಟಾಫ್ ರೂಮಿನಲ್ಲಿ ಯಾರೂ ಇದರ ಹೆಸರೇ ಕೇಳಿರಲಿಲ್ಲ.

ಮೊದಲ ಐದು ನಿಮಿಷ: ಇದು ಸ್ಟ್ರೋಕ್ ಅಲ್ಲವೇ ನೋಡಿ

ಕಿವಿ ಹೋದ ಜೊತೆಗೇ ಮುಖ ಒಂದು ಕಡೆಗೆ ಜೋತುಬಿದ್ದಿದೆಯೇ? ಮಾತು ತೊದಲುತ್ತಿದೆಯೇ? ಒಂದು ಕೈಯೋ ಕಾಲೋ ಸೋತಿದೆಯೇ? ಒಂದು ವಸ್ತು ಎರಡಾಗಿ ಕಾಣುತ್ತಿದೆಯೇ? ನಿಂತರೆ ಒಂದು ಪಕ್ಕಕ್ಕೆ ವಾಲಿ ಬೀಳುವಂತಾಗುತ್ತಿದೆಯೇ? ಇದರಲ್ಲಿ ಒಂದಿದ್ದರೂ ಕಿವಿ ಡಾಕ್ಟರು ಆಮೇಲೆ. 108ಕ್ಕೆ ಫೋನ್ ಮಾಡಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಒಳಗಿವಿಗೂ ಮೆದುಳಿನ ಹಿಂಭಾಗಕ್ಕೂ ಒಂದೇ ರಕ್ತನಾಳದಿಂದ ರಕ್ತ ಹೋಗುತ್ತದೆ. ಅಪರೂಪಕ್ಕೆ ಸ್ಟ್ರೋಕ್ ಕಿವಿಯಿಂದಲೇ ಶುರುವಾಗುವುದುಂಟು. ಬಿಪಿ, ಸಕ್ಕರೆ ಕಾಯಿಲೆ ಇರುವವರಿಗೆ ಜೋರು ತಲೆಸುತ್ತಿನ ಜೊತೆ ಕಿವಿ ಹೋದರೆ “ಪಿತ್ತ ಇರಬೇಕು” ಅಂತ ಮಲಗಿಸಬೇಡಿ.

ಮೊದಲ ದಿನ: ಮನೆಯಲ್ಲಿ

ಗುನುಗಿ ನೋಡಿದ್ದೀರಿ. ಎರಡು ಬೆರಳನ್ನು ಕಿವಿಯ ಪಕ್ಕ ಉಜ್ಜಿ ನೋಡಿ, ಒಂದೊಂದು ಕಿವಿಗೂ. ಫೋನಿನ ರಿಂಗನ್ನು ಎರಡೂ ಕಡೆ ಇಟ್ಟು ಹೋಲಿಸಿ. ಗುನುಗು ಒಳ್ಳೆಯ ಕಿವಿಗೆ ಹೋದರೆ ಇವತ್ತೇ ಹೊರಡಿ. ಕೆಟ್ಟ ಕಿವಿಗೆ ಹೋದರೂ, ಅಥವಾ ಏನೂ ಸ್ಪಷ್ಟವಾಗದಿದ್ದರೂ, ನಾಳೆಯೊಳಗೆ ತೋರಿಸಿ. ಮನೆಯ ಪರೀಕ್ಷೆ ಇರುವುದು ನಿಮ್ಮನ್ನು ಬೇಗ ಎಬ್ಬಿಸಿ ಕಳಿಸುವುದಕ್ಕೆ. ಮನೆಯಲ್ಲೇ ಕೂರಿಸುವುದಕ್ಕಲ್ಲ.

ಕಿವಿಗೆ ಏನನ್ನೂ ಹಾಕಬೇಡಿ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ನಮ್ಮ ಮನೆಯಲ್ಲೂ ಬಂತು, ಚಮಚದಲ್ಲಿ, ಬೆಚ್ಚಗೆ. ಅಮ್ಮನ ಪ್ರೀತಿಗೆ ಏನನ್ನಲಿ, ಹಾಕಿಸಿಕೊಂಡೆ. ಎಣ್ಣೆ ಕಿವಿಯ ಪರದೆಯವರೆಗೆ ಹೋಗಿ ನಿಲ್ಲುತ್ತದೆ. ತೊಂದರೆ ಇರುವುದು ಪರದೆಯ ಆಚೆಗೆ, ಇನ್ನೂ ಒಳಗೆ. ಪರದೆ ತೂತಾಗಿದ್ದರಂತೂ ಎಣ್ಣೆ ಹಾಕುವುದು ಅಪಾಯ. ಹೇರ್‌ಪಿನ್, ಬಡ್ಸ್, ಬೀದಿಯಲ್ಲಿ ಕಿವಿ ತೆಗೆಯುವವರು, ಯಾವುದೂ ಬೇಡ. ಮೂಗು ಹಿಡಿದು ಜೋರಾಗಿ ಊದಿ ಕಿವಿ ಬಿಡಿಸಿಕೊಳ್ಳುವ ಸಾಹಸವೂ ಬೇಡ.

ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಯಾವ ದಿನ, ಎಷ್ಟು ಗಂಟೆಗೆ ಗೊತ್ತಾಯಿತು. ಯಾವ ಕಿವಿ. ತಲೆಸುತ್ತು ಇದೆಯೇ. ಗುಂಯ್‌ಗುಡುತ್ತಿದೆಯೇ. ಸಕ್ಕರೆ, ಬಿಪಿ, ಗ್ಲಾಕೋಮಾ, ಹೊಟ್ಟೆಹುಣ್ಣು ಇದ್ದರೆ ಅದು. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು. ಇತ್ತೀಚೆಗೆ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟಿದ್ದರೆ ಅದರ ಹೆಸರು. ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಕೆಲವು ಆಂಟಿಬಯಾಟಿಕ್‌ಗಳು, ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್ ಕಿವಿಗೆ ಏಟು ಕೊಡಬಲ್ಲವು. ಇವು ಹೆಚ್ಚಾಗಿ ಎರಡೂ ಕಿವಿಗೆ ತಟ್ಟುತ್ತವೆ. ಆದರೂ ಡಾಕ್ಟರಿಗೆ ಗೊತ್ತಿರಲಿ.

ಎಲ್ಲಿಗೆ ಹೋಗಬೇಕು, ಏನು ಕೇಳಬೇಕು

ಹೋಗಬೇಕಾದ್ದು ಇಎನ್‌ಟಿ ಡಾಕ್ಟರ ಹತ್ತಿರ. ಅದೇ ಕಟ್ಟಡದಲ್ಲಿ ಆಡಿಯೋಗ್ರಾಮ್ (ಕೇಳುವಿಕೆ ಅಳೆಯುವ ಪರೀಕ್ಷೆ) ಮಾಡುವ ವ್ಯವಸ್ಥೆ ಇದ್ದರೆ ಒಳ್ಳೆಯದು. ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಇಎನ್‌ಟಿ ಹೊರರೋಗಿ ವಿಭಾಗದಲ್ಲಿ ಇದು ಸಾಮಾನ್ಯವಾಗಿ ಇರುತ್ತದೆ, ಖರ್ಚೂ ಕಡಿಮೆ. ಮೈಸೂರಿನವರಿಗೆ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ಆಟೋದವರಿಗೆ ‘ಸ್ಪೀಚ್ ಅಂಡ್ ಹಿಯರಿಂಗ್’ ಅಂದರೆ ಸಾಕು. ಸಣ್ಣ ಊರಿನಲ್ಲಿ ಇರುವವರು ಅಲ್ಲಿನ ಡಾಕ್ಟರಿಗೆ ತೋರಿಸಿ, ಗುಗ್ಗೆ ಇಲ್ಲ ಅಂತ ಟಾರ್ಚ್ ಹಾಕಿ ನೋಡಿ ಹೇಳಿದ ತಕ್ಷಣ ಜಿಲ್ಲಾ ಕೇಂದ್ರಕ್ಕೆ ಬಸ್ ಹತ್ತಿ. ನನ್ನ ಲೆಕ್ಕದಲ್ಲಿ ಒಂದು ದಿನದ ರಜೆ, ಬಸ್ ಚಾರ್ಜು ಇದಕ್ಕಿಂತ ಒಳ್ಳೆಯ ಕೆಲಸಕ್ಕೆ ಖರ್ಚಾಗುವುದಿಲ್ಲ.

ರಿಸೆಪ್ಷನ್ನಿನಲ್ಲಿ “ಮುಂದಿನ ಗುರುವಾರ ಅಪಾಯಿಂಟ್‌ಮೆಂಟ್” ಅನ್ನುತ್ತಾರೆ. ಆಗ ಹೀಗೆ ಹೇಳಿ: “ಮೇಡಂ, ನಿನ್ನೆಯಿಂದ ಒಂದು ಕಿವಿ ಪೂರ್ತಿ ಕೇಳಿಸ್ತಿಲ್ಲ. ಇದು ತುರ್ತು. ಡಾಕ್ಟರಿಗೆ ಒಂದು ಮಾತು ಹೇಳ್ತೀರಾ?” ವಿಷಯ ಡಾಕ್ಟರ ಕಿವಿಗೆ ಬಿದ್ದರೆ ಒಳಗೆ ಕರೆಯುತ್ತಾರೆ. ಇಎನ್‌ಟಿಯವರಿಗೆ ಇದು ತುರ್ತು ಅಂತ ಚೆನ್ನಾಗಿ ಗೊತ್ತು. ಗೊತ್ತಿಲ್ಲದಿರುವುದು ಅವರನ್ನು ತಲುಪುವ ಮೊದಲು ಸಿಗುವ ನಮ್ಮೆಲ್ಲರಿಗೆ.

ಹಿಯರಿಂಗ್ ಏಡ್ ಅಂಗಡಿಗಳ ಮುಂದೆ ‘ಉಚಿತ ಶ್ರವಣ ತಪಾಸಣೆ’ ಬೋರ್ಡ್ ನೋಡಿರುತ್ತೀರಿ. ಮೊದಲ ವಾರ ಬೇಕಿರುವುದು ಔಷಧ, ಯಂತ್ರ ಅಲ್ಲ. ಅಲ್ಲಿಗೆ ಆಮೇಲೆ ಹೋಗೋಣ.

ಪರೀಕ್ಷೆಯ ಕೋಣೆ

ಡಾಕ್ಟರು ಕಿವಿಯೊಳಗೆ ನೋಡಿ, ಟ್ಯೂನಿಂಗ್ ಫೋರ್ಕ್ ಬಾರಿಸಿ ನಿಮ್ಮ ಹಣೆಯ ನಡುವೆ ಇಡುತ್ತಾರೆ. ಎಲ್ಲಿ ಕೇಳಿಸುತ್ತೆ ಅಂತ ಕೇಳುತ್ತಾರೆ. ನೀವು ಮನೆಯಲ್ಲಿ ಗುನುಗಿ ನೋಡಿದ್ದೇ ಇಲ್ಲಿ ಲೋಹದಲ್ಲಿ ನಡೆಯುತ್ತದೆ.

ಆಮೇಲೆ ಆಡಿಯೋಗ್ರಾಮ್. ಗೋಡೆಗೆಲ್ಲ ಮೆತ್ತೆ ಹೊದಿಸಿದ ಪುಟ್ಟ ಕೋಣೆ, ಫ್ರಿಜ್ಜಿನಷ್ಟು ದಪ್ಪ ಬಾಗಿಲು. ಹೆಡ್‌ಫೋನ್ ಹಾಕಿ ಕೈಗೆ ಒಂದು ಬಟನ್ ಕೊಡುತ್ತಾರೆ. ಎಷ್ಟೇ ಸಣ್ಣ ಪೀಂ ಕೇಳಿಸಿದರೂ ಒತ್ತಬೇಕು. ಒಳ್ಳೆಯ ಕಿವಿಯಲ್ಲಿ ಪೀಂ ಪೀಂ ಅಂತ ಬಂದಿದ್ದೇ ಬಂದಿದ್ದು. ಎಡಗಡೆಗೆ ಬಂದಾಗ ಏನೂ ಇಲ್ಲ. ಮಷೀನು ಕೆಟ್ಟಿದೆಯೇನೋ ಅಂತ ಗಾಜಿನ ಆಚೆ ಕೂತಿದ್ದ ಹುಡುಗಿಯ ಮುಖ ನೋಡಿದೆ. ಅವಳು ನನ್ನನ್ನು ನೋಡದೆ ಗುಂಡಿ ತಿರುಗಿಸುತ್ತಲೇ ಇದ್ದಳು. ನಡುವೆ ಒಳ್ಳೆಯ ಕಿವಿಗೆ ಮಳೆ ಸುರಿದಂಥ ಸದ್ದು ಬಿಡುತ್ತಾರೆ. ಆ ಕಿವಿ ಕದ್ದು ಕೇಳಿ ಕೆಟ್ಟ ಕಿವಿಯ ಪರವಾಗಿ ಉತ್ತರ ಕೊಡದಿರಲಿ ಅಂತ. ಗಾಬರಿ ಬೇಡ. ಊಹಿಸಿ ಬಟನ್ ಒತ್ತುವುದೂ ಬೇಡ.

ಹಾಳೆ ಕೈಗೆ ಬಂದಾಗ ಓದುವುದು ಸುಲಭ. ಕೆಂಪು ಸೊನ್ನೆಗಳು ಬಲಗಿವಿ, ನೀಲಿ ಗುಣಾಕಾರ ಚಿಹ್ನೆಗಳು ಎಡಗಿವಿ. ಗೆರೆ ಮೇಲಿದ್ದಷ್ಟೂ ಒಳ್ಳೆಯದು, ಕೆಳಗೆ ಇಳಿದಷ್ಟೂ ಕೇಳುವಿಕೆ ಕಡಿಮೆ. ಎಡದಿಂದ ಬಲಕ್ಕೆ ಹೋದಂತೆ ಗಡಸು ಸ್ವರದಿಂದ ಕೀರಲು ಸ್ವರಕ್ಕೆ. 25 ಡೆಸಿಬೆಲ್‌ವರೆಗೆ ಚಿಂತೆಯಿಲ್ಲ. ನನ್ನ ಕೆಂಪು ಗೆರೆ ಮೇಲೆ ತೆಪ್ಪಗಿತ್ತು. ನೀಲಿ ಗೆರೆ 70ರಿಂದ ಶುರುವಾಗಿ ಇನ್ನೂ ಕೆಳಗೆ ಜಾರಿತ್ತು. ಆ ಹಾಳೆಯ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಪ್ರತಿ ಸಲವೂ ಹೋಲಿಸುವುದು ಇದರ ಜೊತೆಗೇ.

ಔಷಧ

ಮುಖ್ಯ ಔಷಧ ಸ್ಟೀರಾಯ್ಡ್. ಸಾಮಾನ್ಯವಾಗಿ ಪ್ರೆಡ್ನಿಸೋಲೋನ್ ಮಾತ್ರೆ. ದೇಹದ ತೂಕದ ಕಿಲೋಗೆ 1 ಮಿಲಿಗ್ರಾಂ, ಜಾಸ್ತಿ ಅಂದರೆ ದಿನಕ್ಕೆ 60 ಮಿಲಿಗ್ರಾಂ, 10ರಿಂದ 14 ದಿನ. ಆಮೇಲೆ ಮೆಲ್ಲಗೆ ಇಳಿಸುತ್ತಾರೆ. ಇದನ್ನು ಹೇಳಿದ್ದು ನೀವೇ ಅಂಗಡಿಯಿಂದ ತಂದು ನುಂಗಲಿ ಅಂತಲ್ಲ. ಬೆಳಗಿನ ತಿಂಡಿ ಆದಮೇಲೆ ಒಂದು ಹಿಡಿ ಮಾತ್ರೆ ನುಂಗಬೇಕು ಅಂದಾಗ “ಇಷ್ಟೊಂದಾ?” ಅಂತ ಅರ್ಧ ಬಿಟ್ಟುಬಿಡುವವರಿದ್ದಾರೆ. ಅವರಿಗಾಗಿ.

ಮೊದಲ ಎರಡು ವಾರದೊಳಗೆ ಶುರು ಮಾಡಿದರೆ ಲಾಭದ ಸಾಧ್ಯತೆ ಜಾಸ್ತಿ. ಆ ಎರಡು ವಾರದಲ್ಲೂ ಬೇಗ ಇದ್ದಷ್ಟೂ ಒಳ್ಳೆಯದು. ಇಲ್ಲಿ ಒಂದು ಸತ್ಯ ಹೇಳಲೇಬೇಕು. ಏನೂ ಮಾಡದೆಯೂ ಮೂರರಲ್ಲಿ ಒಂದು ಪಾಲಿನಿಂದ ಮೂರರಲ್ಲಿ ಎರಡು ಪಾಲಿನಷ್ಟು ಜನರಿಗೆ ಒಂದಿಷ್ಟು ಕೇಳುವಿಕೆ ವಾಪಸ್ ಬರುತ್ತದೆ. ಅದಕ್ಕೇ ನಿಮ್ಮ ಪಕ್ಕದ ಮನೆಯವರು “ನನಗೂ ಹಿಂಗೇ ಆಗಿತ್ತು, ತಾನಾಗೇ ಹೋಯ್ತು” ಅನ್ನುವುದು. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ನೀವು ಯಾವ ಗುಂಪಿನವರು ಅಂತ ಮೊದಲೇ ಗೊತ್ತಾಗುವ ದಾರಿ ಇಲ್ಲ. ಗೊತ್ತಾಗುವ ಹೊತ್ತಿಗೆ ಔಷಧದ ಸಮಯ ಮುಗಿದಿರುತ್ತದೆ.

ಸಕ್ಕರೆ ಕಾಯಿಲೆ ಇರುವವರೇ, ಇಲ್ಲಿ ಗಮನ ಕೊಡಿ. ಸ್ಟೀರಾಯ್ಡ್ ಸಕ್ಕರೆಯನ್ನು ಜರ್ರನೆ ಏರಿಸುತ್ತದೆ. ಗ್ಲೂಕೋಮೀಟರ್ ಇದ್ದರೆ ದಿನಕ್ಕೆ ಹಲವು ಸಲ ನೋಡಿ. ಸಕ್ಕರೆಯ ಡಾಕ್ಟರಿಗೂ ಅದೇ ದಿನ ಫೋನ್ ಮಾಡಿ. “ನನಗೆ ಶುಗರ್ ಇದೆ, ಸ್ಟೀರಾಯ್ಡ್ ಆಗಲ್ಲ” ಅಂತ ಚಿಕಿತ್ಸೆಯನ್ನೇ ಬಿಡಬೇಕಾಗಿಲ್ಲ. ಸ್ಟೀರಾಯ್ಡನ್ನು ನೇರವಾಗಿ ಕಿವಿಗೇ ಇಂಜೆಕ್ಷನ್ ಕೊಡುವ ದಾರಿ ಇದೆ. ಇದರಲ್ಲಿ ಔಷಧ ಮೈಗೆಲ್ಲ ಹರಡುವುದು ತುಂಬಾ ಕಡಿಮೆ. ಮಾತ್ರೆ ತೆಗೆದುಕೊಂಡವರಲ್ಲಿ ನಿದ್ದೆ ಬಾರದಿರುವುದು, ಸಿಡುಕು, ಹೊಟ್ಟೆ ಉರಿ, ಹಸಿವು ಸಾಮಾನ್ಯ. ನಾನು ರಾತ್ರಿ ಎರಡು ಗಂಟೆಗೆ ಎದ್ದು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಸುಸ್ತಾಯಿತು ಅಂತ ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ.

ಕಿವಿಯ ಇಂಜೆಕ್ಷನ್ ಅಂದರೆ ಎಲ್ಲರೂ ಹೆದರುತ್ತಾರೆ, ನಾನೂ ಹೆದರಿದ್ದೆ. ನಡೆಯುವುದು ಇಷ್ಟು: ಮಲಗಿಸಿ, ಪರದೆಯನ್ನು ಮರಗಟ್ಟಿಸಿ, ತೆಳು ಸೂಜಿಯಿಂದ ಪರದೆಯ ಆಚೆ ಔಷಧ ಬಿಡುತ್ತಾರೆ. ಚುಚ್ಚಿದ್ದಕ್ಕಿಂತ, ತಣ್ಣಗಿನದೇನೋ ತಲೆಯೊಳಗೆ ಹರಿದಂತೆ ಅನಿಸಿದ್ದು ಜಾಸ್ತಿ. ಒಂದು ನಿಮಿಷ ಕೋಣೆ ತಿರುಗಿತು. ಅರ್ಧ ಗಂಟೆ ಆ ಕಿವಿ ಮೇಲೆ ಮಾಡಿ ಮಲಗಿರಬೇಕು, ಮಾತು ಬೇಡ, ಎಂಜಲೂ ನುಂಗಬಾರದು. ನುಂಗಿದರೆ ಔಷಧ ಗಂಟಲಿಗೆ ಇಳಿದು ಕಹಿ ಗೊತ್ತಾಗುತ್ತದೆ. ಎರಡು ವಾರದಲ್ಲಿ ಇಂಥವು ಮೂರೋ ನಾಲ್ಕೋ. ವಾಪಸ್ ಹೋಗುವಾಗ ಗಾಡಿ ಓಡಿಸಬೇಡಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ. ಮಾತ್ರೆಯಿಂದ ಪೂರ್ತಿ ಗುಣವಾಗದವರಿಗೆ, ತಡವಾಗಿ ಬಂದವರಿಗೆ, ಎರಡರಿಂದ ಆರು ವಾರದ ನಡುವೆ ಇದನ್ನು ಕೊಟ್ಟು ನೋಡುತ್ತಾರೆ. ನನಗೆ ಸಿಕ್ಕಿದ್ದು ಈ ಎರಡನೇ ಅವಕಾಶ.

ಆಮ್ಲಜನಕದ ಕೋಣೆಯಲ್ಲಿ ಕೂರಿಸುವ ಹೈಪರ್‌ಬ್ಯಾರಿಕ್ ಚಿಕಿತ್ಸೆಯೂ ಇದೆ. ಸ್ಟೀರಾಯ್ಡಿನ ಜೊತೆಗೆ, ಮೊದಲ ಎರಡು ವಾರದಲ್ಲಿ, ಹೆಚ್ಚೆಂದರೆ ತಿಂಗಳೊಳಗೆ. ಎಲ್ಲ ಊರಲ್ಲೂ ಸಿಗುವುದಿಲ್ಲ, ಖರ್ಚೂ ಇದೆ. ಇನ್ನು ವೈರಸ್ ವಿರುದ್ಧದ ಮಾತ್ರೆ, ರಕ್ತನಾಳ ಹಿಗ್ಗಿಸುವ ಮಾತ್ರೆಗಳನ್ನು ಸುಮ್ನೆ ಎಲ್ಲರಿಗೂ ಕೊಡಬಾರದು ಅಂತ ಅಮೆರಿಕದ ಇಎನ್‌ಟಿ ವೈದ್ಯರ ಸಂಘದ 2019ರ ಮಾರ್ಗಸೂಚಿ ಹೇಳುತ್ತದೆ. ರಾಶಿ ರಾಶಿ ರಕ್ತ ಪರೀಕ್ಷೆ, ತಲೆಯ ಸಿಟಿ ಸ್ಕ್ಯಾನ್‌ಗಳನ್ನೂ ಅದು ಬೇಡ ಅನ್ನುತ್ತದೆ. ಬರೆದುಕೊಟ್ಟರೆ “ಇದು ನನಗೆ ಯಾಕೆ ಬೇಕು ಸಾರ್?” ಅಂತ ವಿನಯವಾಗಿ ಕೇಳುವುದರಲ್ಲಿ ತಪ್ಪಿಲ್ಲ.

ಎಂಆರ್‌ಐ ಮಾತ್ರ ಮಾಡಿಸಿ. ಈ ರೀತಿ ಕಿವಿ ಹೋದ ನೂರು ಜನರಲ್ಲಿ ಕೆಲವರಿಗೆ ಕೇಳುವಿಕೆಯ ನರದ ಮೇಲೆ ಗಡ್ಡೆ ಇರುತ್ತದೆ. ಕ್ಯಾನ್ಸರ್ ಅಲ್ಲದ, ನಿಧಾನಕ್ಕೆ ಬೆಳೆಯುವ ಗಡ್ಡೆ. ಇಲ್ಲ ಅಂತ ಖಚಿತ ಮಾಡಿಕೊಳ್ಳಬೇಕು. ಆದರೆ ಸ್ಕ್ಯಾನಿನ ತಾರೀಖಿಗೆ ಕಾಯುತ್ತಾ ಔಷಧ ತಡ ಮಾಡಬೇಡಿ.

ಕಾಯುವ ವಾರಗಳು

ಇದು ಕಷ್ಟದ ಕಾಲ. ಹೊರಗಿನ ಸದ್ದು ಇಲ್ಲ, ಒಳಗಿನ ಸದ್ದು ನಿಲ್ಲುವುದಿಲ್ಲ. ಗುಂಯ್, ಕೀಂ, ಕುಕ್ಕರಿನ ಸೀಟಿ, ಒಬ್ಬೊಬ್ಬರಿಗೆ ಒಂದೊಂದು. ಪೂರ್ತಿ ನಿಶ್ಶಬ್ದದಲ್ಲಿ ಅದು ಜೋರಾಗುತ್ತದೆ. ಫ್ಯಾನ್ ಹಾಕಿ, ರೇಡಿಯೋ ಸಣ್ಣಗೆ ಇಟ್ಟು ಮಲಗಿ. ಕೆಲವರಿಗೆ ಇನ್ನೊಂದು ವಿಚಿತ್ರ ಆಗುತ್ತದೆ. ಕೇಳುವಿಕೆ ಅರ್ಧ ಬರುವಾಗ ಒಂದೇ ಸ್ವರ ಎರಡು ಕಿವಿಗೆ ಬೇರೆ ಬೇರೆ ಶ್ರುತಿಯಲ್ಲಿ ಕೇಳಿಸುತ್ತದೆ. ನನಗೆ ದೇವಸ್ಥಾನದ ಗಂಟೆ ಒಡೆದ ತಪ್ಪಲೆ ಬಡಿದಂತೆ ಕೇಳುತ್ತಿತ್ತು. ತಲೆ ಕೆಟ್ಟಿತೇನೋ ಅಂತ ಯಾರಿಗೂ ಹೇಳಿರಲಿಲ್ಲ. ಕಿವಿ ಚೇತರಿಸಿಕೊಳ್ಳುವಾಗ ಹೀಗಾಗುವುದುಂಟು.

ಕೇಳುವಿಕೆ ವಾಪಸ್ ಬರುವುದಿದ್ದರೆ ಹೆಚ್ಚಿನ ಪಾಲು ಮೊದಲ ಎರಡು ವಾರದಲ್ಲೇ ಬರುತ್ತದೆ. ಮೂರು ತಿಂಗಳಾದಮೇಲೆ ಬದಲಾಗುವುದು ಅಪರೂಪ. ಕೇಳುವಿಕೆ ಸ್ವಲ್ಪವೇ ಹೋದವರಿಗೆ, ತಲೆಸುತ್ತು ಇಲ್ಲದವರಿಗೆ ಬರುವ ಸಾಧ್ಯತೆ ಜಾಸ್ತಿ. ದಿನಕ್ಕೆ ಇಪ್ಪತ್ತು ಸಲ ಬೆರಳುಜ್ಜಿ ನೋಡಿಕೊಳ್ಳುವ ಚಟ ಅಂಟುತ್ತದೆ. ದಿನಕ್ಕೊಂದು ಸಲ ಸಾಕು, ಅದೇ ಹೊತ್ತಿಗೆ, ಅದೇ ರಿಂಗ್‌ಟೋನಿನಲ್ಲಿ.

ಬರದೇ ಉಳಿದರೆ: ಒಂದೇ ಕಿವಿಯ ಬದುಕು

ನನಗೆ ಬಂದದ್ದು ಸ್ವಲ್ಪ. ಎಡಗಿವಿಗೆ ಸದ್ದು ಗೊತ್ತಾಗುತ್ತದೆ, ಮಾತು ಗೊತ್ತಾಗುವುದಿಲ್ಲ. “ಇನ್ನೊಂದು ಇದೆಯಲ್ಲ ಬಿಡಿ” ಅಂತ ಸಮಾಧಾನ ಹೇಳುವವರಿಗೆ ಗೊತ್ತಿರದ ಎರಡು ವಿಷಯಗಳಿವೆ. ಒಂದು, ಸದ್ದು ಯಾವ ದಿಕ್ಕಿನಿಂದ ಬಂತು ಅಂತ ಮೆದುಳು ಎರಡು ಕಿವಿಯನ್ನು ಹೋಲಿಸಿಯೇ ತಿಳಿಯುತ್ತದೆ. ಒಂದೇ ಇದ್ದರೆ ಎಲ್ಲ ಸದ್ದೂ ಒಳ್ಳೆಯ ಕಡೆಯಿಂದಲೇ ಬಂದಂತೆ. ಮನೆಯಲ್ಲಿ ಫೋನ್ ರಿಂಗಾಗುತ್ತದೆ, ನಾನು ಮೂರು ಕೋಣೆ ಸುತ್ತುತ್ತೇನೆ. ಎರಡು, ಕೆಟ್ಟ ಕಡೆಯಿಂದ ಬರುವ ಮಾತಿಗೆ ನಮ್ಮ ತಲೆಯೇ ಗೋಡೆ. ಕೀರಲು ಸ್ವರಗಳು ತಲೆಯನ್ನು ದಾಟಿ ಈಚೆಗೆ ಬರುವುದಿಲ್ಲ. ಸ, ತ, ಕ, ಪ ಎಲ್ಲ ಅಳಿಸಿಹೋಗಿ ಗುಜುಗುಜು ಮಾತ್ರ ಉಳಿಯುತ್ತದೆ. ಗದ್ದಲದಲ್ಲಂತೂ ಪೂರ್ತಿ ಸೋಲು.

ಹಾಗಾಗಿ ಜಾಗ ಆರಿಸಿಕೊಳ್ಳುವುದು ಕಲಿಯಬೇಕು. ಎಡಗಿವಿ ಹೋದವರು ಎಲ್ಲರನ್ನೂ ತಮ್ಮ ಬಲಕ್ಕೆ ಬರುವಂತೆ ಕೂರಬೇಕು. ಮದುವೆ ಊಟದ ಪಂಕ್ತಿಯಲ್ಲಿ ಎಡತುದಿ. ಹೋಟೆಲಿನಲ್ಲಿ ಎಡಕ್ಕೆ ಗೋಡೆ. ಮೀಟಿಂಗಿನಲ್ಲಿ ಹತ್ತು ನಿಮಿಷ ಮೊದಲೇ ಹೋಗಿ ಮೇಜಿನ ಎಡತುದಿ ಹಿಡಿಯಿರಿ. ಬಲಗಿವಿ ಹೋದವರಿಗೆ ಎಲ್ಲ ಉಲ್ಟಾ. ಬಾಗಿಲ ಹತ್ತಿರ, ಅಡುಗೆಮನೆಯ ಕಡೆ, ಸ್ಪೀಕರಿನ ಪಕ್ಕ ಒಳ್ಳೆಯ ಕಿವಿ ತಿರುಗಿಸಿ ಕೂರಬೇಡಿ.

ಕಾರಿನಲ್ಲಿ ನನ್ನದು ತಮಾಷೆ. ನಮ್ಮಲ್ಲಿ ಡ್ರೈವರ್ ಕೂರುವುದು ಬಲಕ್ಕೆ, ಪಕ್ಕದವರು ಎಡಕ್ಕೆ. ಅಂದರೆ ನನ್ನವಳು ಹೇಳಿದ್ದೆಲ್ಲ ಸತ್ತ ಕಿವಿಗೆ. “ನೀವು ಬೇಕಂತಲೇ ಎಡಗಿವಿ ಕಳ್ಕೊಂಡಿದ್ದೀರಾ” ಅಂತಾಳೆ. ಬಲಗಿವಿ ಹೋದವರಿಗೆ ಈ ಸುಖ ಇಲ್ಲ, ಜೊತೆಗೆ ಅವರಿಗೆ ಒಂದು ಅಪಾಯ ಇದೆ. ಓವರ್‌ಟೇಕ್ ಮಾಡುವ ಗಾಡಿ ಬರುವುದು ಬಲದಿಂದ. ಬೈಕಿಗೆ ಎರಡೂ ಕನ್ನಡಿ ಇರಲಿ. ತಿರುಗುವ ಮೊದಲು ತಲೆ ತಿರುಗಿಸಿ ನೋಡಿ. ರಸ್ತೆ ದಾಟುವಾಗ ಹಾರ್ನ್ ಕೇಳಿ ಹಾರಬೇಡಿ. ಹಾರ್ನ್ ಕೇಳಿಸಿದ ದಿಕ್ಕು ಸುಳ್ಳಿರಬಹುದು. ಕಣ್ಣನ್ನೇ ನಂಬಿ.

ಮಲಗುವಾಗ ಒಳ್ಳೆಯ ಕಿವಿ ದಿಂಬಿನ ಮೇಲಿದ್ದರೆ ಬೀದಿನಾಯಿಯ ಕಾಟ ಇಲ್ಲ. ಇದೊಂದು ಲಾಭ. ಅಲಾರಂ, ಕಾಲಿಂಗ್ ಬೆಲ್, ಮಗುವಿನ ಅಳು ಸಹ ಕೇಳಿಸುವುದಿಲ್ಲ ಅನ್ನುವುದು ನೆನಪಿರಲಿ. ಕೈಗೆ ಕಟ್ಟಿಕೊಳ್ಳುವ, ನಡುಗಿ ಎಬ್ಬಿಸುವ ವಾಚ್ ಕೆಲಸಕ್ಕೆ ಬರುತ್ತದೆ.

ಜನರಿಗೆ ಹೇಳಿಬಿಡಿ. ಹೇಳದಿದ್ದರೆ ‘ಜಂಭ’ ಅಂದುಕೊಳ್ಳುತ್ತಾರೆ. ಎಡಗಡೆಯಿಂದ ನಮಸ್ಕಾರ ಹೇಳಿದ ಇಬ್ಬರು ನನ್ನ ಜೊತೆ ಆರು ತಿಂಗಳು ಮಾತು ಬಿಟ್ಟಿದ್ದರು. ಈಗ ಹೊಸ ತರಗತಿಗೆ ಮೊದಲ ದಿನವೇ ಹೇಳುತ್ತೇನೆ: “ನನಗೆ ಈ ಕಿವಿ ಕೇಳಿಸಲ್ಲ. ಯಾರು ‘ಸಾರ್’ ಅಂದ್ರೂ ಜೊತೆಗೆ ಕೈ ಎತ್ತಿ. ಇಲ್ಲದಿದ್ರೆ ಯಾರು ಕರೆದ್ರು ಅಂತ ಗೊತ್ತಾಗಲ್ಲ.” ಮಕ್ಕಳು ಒಂದೇ ದಿನದಲ್ಲಿ ಕಲಿಯುತ್ತಾರೆ. ಸಹೋದ್ಯೋಗಿಗಳಿಗೆ ತಿಂಗಳು ಬೇಕು. ಮನೆಯವರು ಇನ್ನೂ ಅಡುಗೆಮನೆಯಿಂದಲೇ ಕೂಗುತ್ತಾರೆ.

ಸಾಧನಗಳು

ಖರ್ಚಿಲ್ಲದ್ದು ಮೊದಲು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಆಕ್ಸೆಸಿಬಿಲಿಟಿ’ಗೆ ಹೋಗಿ ‘ಮೋನೋ ಆಡಿಯೋ’ ಆನ್ ಮಾಡಿ. ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಇದೆ. ಎರಡು ಕಿವಿಗೆ ಹಂಚಿಹೋಗುವ ಸಂಗೀತ ಆಗ ಒಂದೇ ಕಿವಿಗೆ ಪೂರ್ತಿ ಬರುತ್ತದೆ. ಹಳೆಯ ಹಾಡುಗಳಲ್ಲಿ ಕಳೆದುಹೋಗಿದ್ದ ಪಿಟೀಲು ನನಗೆ ಹೀಗೆ ವಾಪಸ್ ಸಿಕ್ಕಿತು.

ಕೆಟ್ಟ ಕಿವಿಯಲ್ಲಿ ಮಾತು ಗುರುತಿಸುವಷ್ಟು ಉಳಿದಿದ್ದರೆ ಸಾಮಾನ್ಯ ಹಿಯರಿಂಗ್ ಏಡ್ ಸಾಕು. ಏನೂ ಉಳಿದಿಲ್ಲದಿದ್ದರೆ ಕ್ರಾಸ್ ಅನ್ನುವ ಜೋಡಿ ಸಿಗುತ್ತದೆ. ಕೆಟ್ಟ ಕಿವಿಯ ಮೇಲೆ ಮೈಕು, ಅದು ಹಿಡಿದ ಸದ್ದನ್ನು ಒಳ್ಳೆಯ ಕಿವಿಯ ಯಂತ್ರಕ್ಕೆ ತಂತಿಯಿಲ್ಲದೆ ಕಳಿಸುತ್ತದೆ. ತಲೆಯ ಗೋಡೆ ದಾಟಿಸುತ್ತದೆ, ದಿಕ್ಕು ಮಾತ್ರ ತಿಳಿಸದು. ಮೂಳೆಯ ಮೂಲಕ ಸದ್ದು ಸಾಗಿಸುವ ಯಂತ್ರದ್ದೂ ಅದೇ ಕಥೆ. ಎರಡನೇ ಕಿವಿಯನ್ನೇ ಮತ್ತೆ ಕೆಲಸಕ್ಕೆ ಹಚ್ಚಬಲ್ಲದ್ದು ಒಳಗಿವಿಯೊಳಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಒಂದೇ. ಒಂದು ಕಿವಿ ಹೋದವರಿಗೂ ಇದನ್ನು ಹಾಕಬಹುದು ಅಂತ ಅಮೆರಿಕದಲ್ಲಿ 2019ರಲ್ಲಿ ಅನುಮತಿ ಸಿಕ್ಕಿತು. ದುಬಾರಿ, ಆಪರೇಷನ್ ಬೇಕು. ಹೊರಗೆ ಹಾಕಿಕೊಳ್ಳುವ ಯಾವ ಯಂತ್ರವನ್ನೇ ಆಗಲಿ, ಕೆಲವು ದಿನ ಹಾಕಿ ನೋಡಿ ಆಮೇಲೆ ದುಡ್ಡು ಕೊಡುತ್ತೇನೆ ಅನ್ನಿ. ಅಂಗಡಿಯ ನಿಶ್ಶಬ್ದದಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳಿಸುತ್ತವೆ. ಸಂತೆಗೆ ಹಾಕಿಕೊಂಡು ಹೋಗಿ ನೋಡಿ.

ಅಂಗವಿಕಲರ ಸರ್ಟಿಫಿಕೇಟ್ ಸಿಗುತ್ತದೆಯೇ ಅಂತ ತುಂಬಾ ಜನ ಕೇಳುತ್ತಾರೆ. 2016ರ ಕಾಯ್ದೆ ಕಿವುಡುತನವನ್ನು ಎರಡೂ ಕಿವಿಯ ಲೆಕ್ಕದಲ್ಲಿ ಹೇಳುತ್ತದೆ. ಎರಡರಲ್ಲೂ 60 ಡೆಸಿಬೆಲ್ ಅಥವಾ ಅದಕ್ಕಿಂತ ಹೆಚ್ಚು ಹೋಗಿರಬೇಕು. ಒಂದು ಕಿವಿ ಚೆನ್ನಾಗಿದ್ದರೆ ಅದಕ್ಕಾಗಿ ಅಲೆದಾಡಿ ಚಪ್ಪಲಿ ಸವೆಸಬೇಡಿ.

ಉಳಿದ ಕಿವಿ

ಇನ್ನು ಮೇಲೆ ಅದು ಮನೆಯ ಒಬ್ಬನೇ ದುಡಿಯುವ ಮಗ. ಗಣೇಶನ ಮೆರವಣಿಗೆಯ ಡಿಜೆ, ಪಟಾಕಿ, ಹಿಟ್ಟಿನ ಗಿರಣಿ, ಕಲ್ಲು ಕತ್ತರಿಸುವ ಮಷೀನು, ಇವುಗಳ ಹತ್ತಿರ ಹೋಗುವಾಗ ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ಹಾಕಿ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಇರಬಾರದು. ಸದ್ದು ಅದಕ್ಕಿಂತ ಏರಿದಂತೆ ಸಮಯ ಬೇಗ ಇಳಿಯುತ್ತದೆ. ಯಾವ ಆಸ್ಪತ್ರೆಗೆ ಹೋದರೂ, ಹಲ್ಲಿನ ನೋವಿಗೇ ಆಗಲಿ, “ನನಗೆ ಒಂದೇ ಕಿವಿ” ಅಂತ ಮೊದಲೇ ಹೇಳಿ. ಕಿವಿಗೆ ಏಟು ಕೊಡುವ ಔಷಧಕ್ಕೆ ಬದಲಿ ಇದ್ದರೆ ಅವರು ಅದನ್ನೇ ಆರಿಸಿಕೊಳ್ಳಬಹುದು. ಆ ಕಿವಿಯಲ್ಲಿ ಸ್ವಲ್ಪ ಬಿಗಿ ಅನ್ನಿಸಿದರೂ ಗುನುಗಿ ನೋಡಿ, ಅದೇ ದಿನ ಹೊರಡಿ. ಎರಡನೇ ಕಿವಿಗೂ ಹೀಗಾಗುವುದು ಅಪರೂಪ, ಆದರೆ ಅಪರೂಪ ಅಂತ ನಾನು ಮೊದಲ ಸಲವೂ ಅಂದುಕೊಂಡಿದ್ದೆ.

ಚಿಕಿತ್ಸೆ ಮುಗಿದ ದಿನ ಒಂದು ಆಡಿಯೋಗ್ರಾಮ್, ಆರು ತಿಂಗಳೊಳಗೆ ಇನ್ನೊಂದು. ಎರಡನೆಯದಕ್ಕೆ ಹೋದಾಗ ಅದೇ ಹುಡುಗಿ ಇದ್ದಳು, ಅದೇ ದಪ್ಪ ಬಾಗಿಲು. ಎಡಗಿವಿಯಲ್ಲಿ ಎಲ್ಲೋ ದೂರದಲ್ಲಿ, ಸೊಳ್ಳೆಯಂತೆ, ಒಂದು ಪೀಂ ಬಂತು. ಬಟನ್ ಒತ್ತಿದೆ. ಗಾಜಿನ ಆಚೆ ಅವಳು ಈ ಸಲ ತಲೆ ಎತ್ತಿ ನೋಡಿದಳು.